ಜೀವಕೋಶಗಳನ್ನು ಓದುವ ವೃತ್ತಿ

ವೈದ್ಯಕೀಯ ಎಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸಿಗೆ ಬರುವ ವೃತ್ತಿಗಳು ಎರಡೇ: ಡಾಕ್ಟರರದೊಂದು, ದಾದಿಯರದೊಂದು. ಇವರಿಬ್ಬರ ಹಿಂದೆ, ರೋಗಿಯ ಕಣ್ಣಿಗೆ ಬೀಳದೆ, ಸೂಕ್ಷ್ಮದರ್ಶಕದ ಮುಂದೆ ಬಾಗಿ ಕುಳಿತು ಕೆಲಸ ಮಾಡುವ ಮೂರನೆಯವರೊಬ್ಬರಿರುವರು. ರೋಗಿಯ ಮುಖವನ್ನು ಅವರು ನೋಡಿರುವುದಿಲ್ಲ; ರೋಗಿಗೂ ಅವರ ಹೆಸರು ತಿಳಿಯದು. ಆದರೂ ಅನೇಕ ವೇಳೆ ರೋಗಿಯ ಮುಂದಿನ ಬಾಳು ಅವರ ಕಣ್ಣಿನ ಎಚ್ಚರವನ್ನು ಅವಲಂಬಿಸಿರುವುದು. ದೇಹದಿಂದ ತೆಗೆದ ಜೀವಕೋಶಗಳನ್ನು ಪರೀಕ್ಷಿಸಿ ರೋಗದ ಗುರುತನ್ನು ಹುಡುಕುವ ಈ ವಿದ್ಯೆಗೆ ಸೈಟಾಲಜಿ, ಎಂದರೆ ಕೋಶಶಾಸ್ತ್ರ, ಎಂದು ಹೆಸರು. ಅದನ್ನೇ ವೃತ್ತಿಯಾಗಿ ಕೈಕೊಂಡವರು ಕೋಶತಂತ್ರಜ್ಞರು. ಈ ಶಿಕ್ಷಣವನ್ನು ಪಡೆದವರ ಮುಂದಿನ ದಾರಿ ಯಾವುದು? ಕೆಲಸ ಎಲ್ಲಿ ದೊರೆಯುವುದು? ಯಂತ್ರಗಳು ಬಂದು ಆ ಕೆಲಸವನ್ನು ಕಸಿದುಕೊಳ್ಳಲಾರವೆ? ಈ ಪ್ರಶ್ನೆಗಳನ್ನು ವಿಚಾರ ಮಾಡುವುದೇ ಈ ಪಾಠದ ಉದ್ದೇಶ.

ಒಂದು ಉದಾಹರಣೆಯಿಂದ ಆರಂಭಿಸೋಣ. ಬೆಳಗಾವಿ ಜಿಲ್ಲೆಯ ಕಾಗವಾಡ ತಾಲ್ಲೂಕಿನಲ್ಲಿ, ಕೃಷ್ಣಾ ನದಿಯ ಸೀಮೆಯಲ್ಲಿ, ಐನಾಪುರವೆಂಬ ಊರಿದೆ. ಅಲ್ಲಿಯ ರೈತನೊಬ್ಬನ ಕುತ್ತಿಗೆಯಲ್ಲಿ ಅಡಕೆಯ ಗಾತ್ರದ ಗಂಟು ಕಾಣಿಸಿಕೊಂಡಿತೆಂದು ಊಹಿಸಿರಿ. ಅದು ಕ್ಷಯದ ಗಂಟಾಗಿರಬಹುದು. ಥೈರಾಯಿಡ್ ಗ್ರಂಥಿಯ ನಿರುಪದ್ರವಿಯಾದ ಊತವಾಗಿರಬಹುದು. ಅಥವಾ ಬಾಯಿಯಲ್ಲೋ ಗಂಟಲಿನಲ್ಲೋ ಹುಟ್ಟಿ ಹರಡಿದ ಅರ್ಬುದ, ಎಂದರೆ ಕ್ಯಾನ್ಸರ್, ಆಗಿರಬಹುದು. ಕ್ಷಯವಾದರೆ ಸಾಮಾನ್ಯವಾಗಿ ಆರು ತಿಂಗಳ ಔಷಧದಿಂದ ಗುಣವಾಗುವುದು. ಊತವಾದರೆ ಗಾಬರಿಗೆ ಕಾರಣವಿಲ್ಲ. ಅರ್ಬುದವಾದರೆ ಒಂದು ವಾರವನ್ನೂ ವ್ಯರ್ಥವಾಗಿ ಕಳೆಯುವಂತಿಲ್ಲ. ಕೈಯಿಂದ ಮುಟ್ಟಿ ನೋಡಿದ ಮಾತ್ರಕ್ಕೆ ಈ ಮೂರನ್ನು ಖಚಿತವಾಗಿ ಬೇರ್ಪಡಿಸಲು ಎಂತಹ ವೈದ್ಯರಿಗೂ ಸಾಧ್ಯವಾಗದು.

ಆ ರೈತನು ಸಮೀಪದ ಉಗಾರ ಖುರ್ದದಲ್ಲಿ ರೈಲು ಹತ್ತಿದರೆ ಒಂದು ದಿಕ್ಕಿಗೆ ಮಹಾರಾಷ್ಟ್ರದ ಮೀರಜ, ಇನ್ನೊಂದು ದಿಕ್ಕಿಗೆ ಬೆಳಗಾವಿ. ಡಾಕ್ಟರ್ ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಆಸ್ಪತ್ರೆಯನ್ನು ತೆರೆದಂದಿನಿಂದ ಮೀರಜವು ವೈದ್ಯಕ್ಕೆ ಹೆಸರಾದ ಊರು; 1962ರಲ್ಲಿ ಅಲ್ಲಿ ಸರಕಾರಿ ವೈದ್ಯಕೀಯ ಕಾಲೇಜೂ ಸ್ಥಾಪಿತವಾಯಿತು. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು 1963ರಲ್ಲಿ ಆರಂಭವಾಯಿತು. ಸರಕಾರದ ವೈದ್ಯವಿಜ್ಞಾನ ಸಂಸ್ಥೆಯೂ ಈಗ ಅಲ್ಲಿದೆ. ಇಂತಹ ಆಸ್ಪತ್ರೆಯಲ್ಲಿ ವೈದ್ಯರು ಒಂದು ಮಿಲಿಮೀಟರಿಗಿಂತ ತೆಳುವಾದ ಸೂಜಿಯನ್ನು ಗಂಟಿನೊಳಕ್ಕೆ ಚುಚ್ಚಿ, ಒಂದಿಷ್ಟು ಕೋಶಗಳನ್ನು ಹೀರಿ ತೆಗೆದು, ಗಾಜಿನ ಪಟ್ಟಿಯ ಮೇಲೆ ಸವರುವರು. ಕತ್ತಿಯ ಗಾಯವಿಲ್ಲ, ಹೊಲಿಗೆಯಿಲ್ಲ. ರೋಗಿಯು ಅಂದೇ ಮನೆಗೆ ಮರಳಬಹುದು. ಆ ಗಾಜಿನ ಪಟ್ಟಿಯೇ ನಮ್ಮ ಕಥಾನಾಯಕ.

ಈ ವಿದ್ಯೆ ಹುಟ್ಟಿದ ಬಗೆ

ರಾಬರ್ಟ್ ಹುಕ್ ಎಂಬ ಇಂಗ್ಲಿಷ್ ವಿಜ್ಞಾನಿಯು 1665ರಲ್ಲಿ ಬೆಂಡಿನ ತೆಳುವಾದ ಪದರದಲ್ಲಿ ಜೇನುಗೂಡಿನಂತಹ ಕೋಣೆಗಳನ್ನು ಕಂಡು ಅವುಗಳಿಗೆ ‘ಸೆಲ್’ ಎಂದು ಹೆಸರಿಟ್ಟ ಸಂಗತಿಯನ್ನು ನೀವು ಶಾಲೆಯಲ್ಲಿ ಓದಿರುವಿರಿ. ಸಸ್ಯಗಳೂ ಪ್ರಾಣಿಗಳೂ ಕೋಶಗಳಿಂದಲೇ ರಚಿತವಾಗಿವೆ ಎಂಬ ತತ್ತ್ವವನ್ನು ಶ್ಲೈಡನ್ ಮತ್ತು ಶ್ವಾನ್ ಎಂಬ ಜರ್ಮನ್ ವಿದ್ವಾಂಸರು 1838 ಮತ್ತು 1839ರಲ್ಲಿ ಪ್ರತಿಪಾದಿಸಿದರು. ರೋಗವೆಂಬುದು ಕಡೆಗೆ ಕೋಶಗಳಲ್ಲಿಯೇ ನಡೆಯುವ ವ್ಯತ್ಯಾಸವೆಂದು 1858ರಲ್ಲಿ ರುಡಾಲ್ಫ್ ವಿರ್ಖೊ ಸಾರಿದನು. ಹಾಗಾದರೆ ಕೋಶವನ್ನು ನೋಡಿಯೇ ರೋಗವನ್ನು ಗುರುತಿಸಬಹುದಲ್ಲವೆ? ಈ ವಿಚಾರವನ್ನು ದಿನನಿತ್ಯದ ಬಳಕೆಗೆ ತಂದ ಕೀರ್ತಿ ಮುಖ್ಯವಾಗಿ ಜಾರ್ಜ್ ಪಾಪನಿಕೊಲಾವ್ ಎಂಬುವರಿಗೆ ಸಲ್ಲುವುದು.

ಪಾಪನಿಕೊಲಾವ್ 1883ರಲ್ಲಿ ಗ್ರೀಸ್ ದೇಶದ ಕೀಮಿ ಎಂಬ ಊರಿನಲ್ಲಿ ಜನಿಸಿದರು. 1913ರಲ್ಲಿ ಅಮೆರಿಕಕ್ಕೆ ಹೋದಾಗ ಹೊಟ್ಟೆಪಾಡಿಗಾಗಿ ಕೆಲಕಾಲ ಅಂಗಡಿಯಲ್ಲಿ ಜಮಖಾನೆಗಳನ್ನು ಮಾರಬೇಕಾಯಿತು. ಬಳಿಕ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಸ್ಥಾನ ದೊರೆತು, ಗಿನಿಹಂದಿಗಳ ಯೋನಿಸ್ರಾವದ ಕೋಶಗಳನ್ನು ಅಭ್ಯಸಿಸತೊಡಗಿದರು. ಮಾನವರ ಕೋಶಗಳನ್ನು ಅಭ್ಯಸಿಸುವ ಕಾಲ ಬಂದಾಗ ಮೊದಲಿಗೆ ನೆರವಾದವರು ಅವರ ಪತ್ನಿ ಮೇರಿ. ಆಕೆ ವರ್ಷಾನುಗಟ್ಟಲೆ ತನ್ನ ದೇಹದ ಕೋಶಗಳನ್ನೇ ಪರೀಕ್ಷೆಗೆ ಒದಗಿಸಿದ್ದಲ್ಲದೆ ಪ್ರಯೋಗಶಾಲೆಯಲ್ಲಿ ಪತಿಯ ಸಹಾಯಕಿಯಾಗಿಯೂ ದುಡಿದಳು. ಗರ್ಭಕಂಠದ ಅರ್ಬುದವನ್ನು ಸವರಿದ ಕೋಶಗಳಿಂದಲೇ ಗುರುತಿಸಬಹುದೆಂದು ಪಾಪನಿಕೊಲಾವ್ 1928ರಲ್ಲಿ ಹೇಳಿದಾಗ ವೈದ್ಯಲೋಕವು ಅಷ್ಟಾಗಿ ಕಿವಿಗೊಡಲಿಲ್ಲ. ಹೆಚ್ಚುಕಡಿಮೆ ಅದೇ ಕಾಲಕ್ಕೆ, 1927ರಲ್ಲಿ, ರುಮೇನಿಯದ ಔರೆಲ್ ಬಾಬೆಶ್ ಎಂಬ ವೈದ್ಯನೂ ಇಂತಹುದೇ ವಿಷಯವನ್ನು ಸ್ವತಂತ್ರವಾಗಿ ಕಂಡುಕೊಂಡಿದ್ದನು. ಪಾಪನಿಕೊಲಾವ್ ಮತ್ತು ಹರ್ಬರ್ಟ್ ಟ್ರಾಟ್ ಎಂಬ ಸ್ತ್ರೀರೋಗ ತಜ್ಞರು 1941ರಲ್ಲಿ ಪ್ರಕಟಿಸಿದ ಲೇಖನದಿಂದಲೂ, 1943ರ ಗ್ರಂಥದಿಂದಲೂ ಈ ಪರೀಕ್ಷೆ ಮನ್ನಣೆ ಪಡೆಯಿತು. ‘ಪ್ಯಾಪ್ ಪರೀಕ್ಷೆ’ ಎಂಬ ಹೆಸರಿನಲ್ಲಿ ಉಳಿದಿರುವುದು ಅವರ ಹೆಸರಿನ ಮೊದಲ ಅಕ್ಷರಗಳೇ.

ಪರೀಕ್ಷೆ ಮನ್ನಣೆ ಪಡೆದೊಡನೆ ಒಂದು ಹೊಸ ತೊಡಕು ಎದುರಾಯಿತು. ಲಕ್ಷಾಂತರ ಪಟ್ಟಿಗಳನ್ನು ನೋಡುವಷ್ಟು ವೈದ್ಯರೆಲ್ಲಿ? ಆದುದರಿಂದ ಪಟ್ಟಿಗಳನ್ನು ಮೊದಲು ಆದ್ಯಂತವಾಗಿ ನೋಡಿ, ಸಂಶಯಾಸ್ಪದ ಕೋಶಗಳಿಗೆ ಗುರುತು ಹಾಕಿ, ರೋಗಶಾಸ್ತ್ರ ತಜ್ಞರ ಮುಂದಿಡಬಲ್ಲ ಒಂದು ಹೊಸ ವರ್ಗವನ್ನೇ ತರಬೇತುಗೊಳಿಸಬೇಕಾಯಿತು. ಕೋಶತಂತ್ರಜ್ಞರ ವೃತ್ತಿ ಹುಟ್ಟಿದ್ದು ಹೀಗೆ.

ಪಟ್ಟಿಯನ್ನು ಸಿದ್ಧಪಡಿಸುವ ಕ್ರಮ

ಕೋಶಗಳನ್ನು ಗಾಜಿನ ಮೇಲೆ ಸವರಿದೊಡನೆ ಅವು ಒಣಗಿ ಮುರುಟಿಕೊಳ್ಳಲು ಮೊದಲಾಗುವುವು. ಇದನ್ನು ತಡೆಯುವುದಕ್ಕಾಗಿ ಪಟ್ಟಿಯನ್ನು ಒಡನೆಯೇ ನೂರಕ್ಕೆ 95 ಪಾಲು ಶುದ್ಧವಾದ ಆಲ್ಕೊಹಾಲಿನಲ್ಲಿ ಮುಳುಗಿಸುವರು. ಇದಕ್ಕೆ ಸ್ಥಿರೀಕರಣವೆಂದು ಹೆಸರು. ಇಲ್ಲಿ ಅರೆ ನಿಮಿಷ ತಡವಾದರೂ ಮುಂದಿನ ಪರಿಶ್ರಮವೆಲ್ಲ ಹಾಳಾಗುವ ಸಂಭವವುಂಟು. ಅನಂತರ ಬಣ್ಣ ಹಾಕುವ ಕೆಲಸ. ಹೆಮಟಾಕ್ಸಿಲಿನ್ ಎಂಬ ಬಣ್ಣವು ಕೋಶದ ನಡುವಣ ಕೋಶಕೇಂದ್ರವನ್ನು ನೀಲಿಯಾಗಿಸುವುದು. ಇತರ ಬಣ್ಣಗಳು ಸುತ್ತಲಿನ ಕೋಶರಸಕ್ಕೆ ಕಿತ್ತಳೆ, ನಸುಗೆಂಪು ಅಥವಾ ಹಸಿರು ಕಲೆತ ನೀಲಿಯ ಛಾಯೆಯನ್ನು ಕೊಡುವುವು. ಈ ವರ್ಣವಿಧಾನವೂ ಪಾಪನಿಕೊಲಾವ್ ಅವರದೇ. ಬೇರೆ ಕೆಲವು ಪರೀಕ್ಷೆಗಳಿಗೆ ಪಟ್ಟಿಯನ್ನು ಬೇಕೆಂದೇ ಗಾಳಿಯಲ್ಲಿ ಒಣಗಿಸಿ ಗೀಮ್ಸಾ ಮೊದಲಾದ ಬಣ್ಣಗಳನ್ನು ಉಪಯೋಗಿಸುವರು. ಯಾವ ರೋಗಿಗೆ ಯಾವ ವಿಧಾನ ತಕ್ಕುದೆಂಬುದನ್ನು ಅರಿತಿರುವುದು ತಂತ್ರಜ್ಞರ ಕರ್ತವ್ಯ.

ಪರೀಕ್ಷೆಗೆ ಬರುವುದು ಗಂಟಿನ ಕೋಶಗಳು ಮಾತ್ರವಲ್ಲ. ಗರ್ಭಕಂಠದಿಂದ ಸವರಿ ತೆಗೆದ ಕೋಶಗಳು, ಕಫ, ಮೂತ್ರ, ಎದೆಗೂಡಿನಲ್ಲಿಯೂ ಹೊಟ್ಟೆಯಲ್ಲಿಯೂ ತುಂಬಿಕೊಂಡ ನೀರು, ಬೆನ್ನುಹುರಿಯ ಸುತ್ತಲಿನ ದ್ರವ, ಸ್ತನದ ಗಡ್ಡೆಯಿಂದ ಹೀರಿದ ಕೋಶಗಳು, ಇವೆಲ್ಲವೂ ಈ ಮೇಜಿನ ಮೇಲೆಯೇ ಬಂದು ಸೇರುವುವು.

ಓದುವ ಕಣ್ಣು

ಗರ್ಭಕಂಠದ ಮೇಲ್ಪದರದ ಆರೋಗ್ಯವಂತ ಕೋಶವು ಸುಮಾರು 50 ಮೈಕ್ರಾನ್ ಅಗಲವಿರುವುದು. ಎಂದರೆ ಇಪ್ಪತ್ತು ಕೋಶಗಳನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್. ಅದರ ಕೇಂದ್ರವು ಚಿಕ್ಕದಾಗಿ, ದುಂಡಾಗಿ, ತಟ್ಟೆಯ ನಡುವೆ ಇಟ್ಟ ಮೆಣಸಿನ ಕಾಳಿನಂತೆ ತೋರುವುದು. ಅರ್ಬುದದತ್ತ ತಿರುಗಿದ ಕೋಶದಲ್ಲಿ ಕೇಂದ್ರವು ಉಬ್ಬಿ ಕೋಶದ ಬಹುಭಾಗವನ್ನು ಆಕ್ರಮಿಸಿಕೊಳ್ಳುವುದು. ಅದರ ಅಂಚು ಸೊಟ್ಟಪಟ್ಟವಾಗುವುದು. ಬಣ್ಣವು ಗಾಢವಾಗಿ, ಒಳಗಿನ ವಸ್ತು ಗಂಟುಗಂಟಾಗಿ ಕಾಣುವುದು. ಇಷ್ಟನ್ನು ಪುಸ್ತಕದಿಂದ ಒಂದು ಸಂಜೆಯಲ್ಲಿ ಕಲಿಯಬಹುದು. ಕಷ್ಟವಿರುವುದು ಬೇರೆ ಕಡೆ.

ಹಳೆಯ ವಿಧಾನದಲ್ಲಿ ಸವರಿದ ಗರ್ಭಕಂಠದ ಪಟ್ಟಿಯು ಪರೀಕ್ಷೆಗೆ ಯೋಗ್ಯವೆನಿಸಬೇಕಾದರೆ ಅದರ ಮೇಲೆ ಸ್ಪಷ್ಟವಾಗಿ ಕಾಣುವ ಕೋಶಗಳು ಕನಿಷ್ಠ ಸುಮಾರು 8,000 ಇರಬೇಕೆಂದು ಬೆಥೆಸ್ಡಾ ಪದ್ಧತಿ ಹೇಳುವುದು. ಇದು ವರದಿಗಳನ್ನು ಎಲ್ಲೆಡೆ ಒಂದೇ ಮಾತಿನಲ್ಲಿ ಬರೆಯಲೆಂದು ಅಮೆರಿಕದಲ್ಲಿ 1988ರಲ್ಲಿ ರೂಪುಗೊಂಡು, ಮುಂದೆ ಪರಿಷ್ಕೃತವಾದ ಪದ್ಧತಿ. ಸಾಮಾನ್ಯವಾಗಿ ಪಟ್ಟಿಯ ಮೇಲೆ ಕೋಶಗಳು ಇದಕ್ಕಿಂತ ಅದೆಷ್ಟೋ ಹೆಚ್ಚಾಗಿರುವುವು. ಅವುಗಳಲ್ಲಿ ಕೆಟ್ಟ ಕೋಶಗಳು ಹತ್ತು ಹನ್ನೆರಡು ಮಾತ್ರ ಇರಬಹುದು. ಕಣದಲ್ಲಿ ಒಟ್ಟಿದ ಜೋಳದ ರಾಶಿಯಲ್ಲಿ ಕಾಡಿಗೆ ಹತ್ತಿದ ನಾಲ್ಕು ಕಾಳುಗಳನ್ನು ಹುಡುಕಿದಂತೆ ಇದು. ಇದಕ್ಕಾಗಿ ಪಟ್ಟಿಯನ್ನು ಹೊಲ ಉತ್ತಂತೆ, ಸಾಲಿಗೆ ಸಾಲು ಕೂಡಿಸಿ, ಹಿಂದಿನ ಸಾಲಿನ ಅಂಚು ಮುಂದಿನ ಸಾಲಿನಲ್ಲಿ ಸ್ವಲ್ಪ ಬರುವಂತೆ ಸರಿಸುತ್ತ ನೋಡಬೇಕು. ನೂರು ಪಟ್ಟಿಗಳಲ್ಲಿ ತೊಂಬತ್ತಕ್ಕಿಂತ ಹೆಚ್ಚು ನಿರ್ದೋಷವಾಗಿಯೇ ಇರುವುವು. ಆದುದರಿಂದ ‘ಇದರಲ್ಲಿಯೂ ಏನೂ ಇರಲಾರದು’ ಎಂಬ ಭಾವನೆ ಮನಸ್ಸಿನಲ್ಲಿ ಮೂಡುವುದು ಸಹಜ. ಈ ಭಾವನೆಯೇ ಈ ವೃತ್ತಿಯ ದೊಡ್ಡ ಶತ್ರು.

ಶತ್ರುವನ್ನು ಕೇವಲ ಮನೋಬಲದಿಂದ ಗೆಲ್ಲಲಾಗದು, ನಿಯಮಗಳೂ ಬೇಕು. ಅಮೆರಿಕದ ಕೆಲವು ಪ್ರಯೋಗಶಾಲೆಗಳಲ್ಲಿ ಒಬ್ಬೊಬ್ಬರಿಂದ ದಿನಕ್ಕೆ ಮಿತಿಮೀರಿದ ಪಟ್ಟಿಗಳನ್ನು ಓದಿಸಿ, ಅರ್ಬುದದ ಗುರುತುಗಳು ಕಣ್ತಪ್ಪಿ ಹೋದ ಸಂಗತಿಯನ್ನು 1987ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಬಯಲಿಗೆಳೆಯಿತು. ಇದರ ಪರಿಣಾಮವಾಗಿ 1988ರಲ್ಲಿ ಕಾನೂನೊಂದು ಬಂದಿತು. ಅದರ ಮೇರೆಗೆ ಆದ ನಿಯಮದಂತೆ ಒಬ್ಬ ತಂತ್ರಜ್ಞನು ಒಂದು ದಿನದಲ್ಲಿ 100ಕ್ಕಿಂತ ಹೆಚ್ಚು ಪಟ್ಟಿಗಳನ್ನು ನೋಡಕೂಡದು. ಆ ನೂರನ್ನೂ ಎಂಟು ಗಂಟೆಗಳಿಗಿಂತ ಕಡಿಮೆ ಕಾಲದಲ್ಲಿ ಮುಗಿಸಕೂಡದು. ಲೆಕ್ಕ ಹಾಕಿರಿ: 480 ನಿಮಿಷಗಳನ್ನು ನೂರರಿಂದ ಭಾಗಿಸಿದರೆ ಪಟ್ಟಿಗೆ 4 ನಿಮಿಷ 48 ಸೆಕೆಂಡು. ಇದು ಗರಿಷ್ಠ ಮಿತಿಯೇ ಹೊರತು ಮುಟ್ಟಬೇಕಾದ ಗುರಿಯಲ್ಲ. ನೀವು ಮುಂದೆ ಯಾವುದಾದರೂ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ಸೇರುವಾಗ ಸಂಬಳವನ್ನು ಕೇಳುವುದರ ಜೊತೆಗೆ ‘ದಿನಕ್ಕೆ ಎಷ್ಟು ಪಟ್ಟಿಗಳು?’ ಎಂದೂ ಕೇಳಬೇಕು. ಆ ಉತ್ತರದಿಂದ ಸಂಸ್ಥೆಯ ಗುಣವು ತಿಳಿದುಬರುವುದು.

ಇನ್ನೊಂದು ಮಾತು. ತಂತ್ರಜ್ಞರು ಹುಡುಕುವರು, ಗುರುತಿಸುವರು, ತಮ್ಮ ಅಭಿಪ್ರಾಯವನ್ನು ಬರೆದಿಡುವರು. ಆದರೆ ಇದು ಇಂತಹ ರೋಗವೆಂದು ತೀರ್ಮಾನಿಸಿ ಸಹಿ ಹಾಕುವ ಅಧಿಕಾರ ರೋಗಶಾಸ್ತ್ರ ತಜ್ಞರಾದ ವೈದ್ಯರದು. ಇದನ್ನು ಕೀಳೆಂದು ಎಣಿಸುವವರು ಈ ವೃತ್ತಿಗೆ ಬರದಿರುವುದೇ ಲೇಸು. ತಂತ್ರಜ್ಞನ ಕಣ್ಣಿಗೆ ಬೀಳದೆ ನಿರ್ದೋಷವೆಂದು ಬದಿಗಿಟ್ಟ ಪಟ್ಟಿಯು ಅನೇಕ ವೇಳೆ ತಜ್ಞರ ಮೇಜನ್ನು ಮುಟ್ಟುವುದೇ ಇಲ್ಲ ಎಂಬುದನ್ನು ನೆನೆದರೆ ಈ ಸ್ಥಾನದ ಹೊಣೆ ಎಷ್ಟೆಂಬುದು ಮನವರಿಕೆಯಾಗುವುದು.

ಕಲಿಯುವ ದಾರಿ

ಕರ್ನಾಟಕದಲ್ಲಿ ಈ ಮೇಜಿಗೆ ಹೋಗುವ ಹೆದ್ದಾರಿ ವೈದ್ಯಕೀಯ ಪ್ರಯೋಗಶಾಲಾ ತಂತ್ರಜ್ಞಾನದ ಶಿಕ್ಷಣ. ಇದರಲ್ಲಿ ಎರಡು ಮೆಟ್ಟಿಲುಗಳಿವೆ. ಒಂದು, ಅರೆವೈದ್ಯಕೀಯ ಮಂಡಳಿಯ ಡಿಪ್ಲೊಮಾ. ಎರಡು, ವಿಶ್ವವಿದ್ಯಾಲಯದ ಬಿ.ಎಸ್‌ಸಿ. ಪದವಿ. ಪದವಿಗೆ ಸೇರಲು ಪಿ.ಯು. ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿರಬೇಕು. 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಅನೇಕ ಕಾಲೇಜುಗಳಲ್ಲಿಯೂ, ಮಣಿಪಾಲ ಮೊದಲಾದ ಸ್ವತಂತ್ರ ವಿಶ್ವವಿದ್ಯಾಲಯಗಳಲ್ಲಿಯೂ ಈ ಪದವಿಯುಂಟು. ರಕ್ತಪರೀಕ್ಷೆ, ಜೀವರಸಾಯನ, ರೋಗಾಣುಶಾಸ್ತ್ರ, ಅಂಗಾಂಶಗಳ ಕೊಯ್ತ, ಕೋಶಪರೀಕ್ಷೆ, ಇವೆಲ್ಲವನ್ನೂ ಅಲ್ಲಿ ಕಲಿಸುವರು.

ಈ ವೃತ್ತಿಗಳಿಗೆಲ್ಲ ದೇಶಕ್ಕೊಂದೇ ಅಳತೆಗೋಲನ್ನು ತರಲು 2021ರಲ್ಲಿ ಸಂಸತ್ತು ಸಹವರ್ತಿ ಮತ್ತು ಆರೋಗ್ಯರಕ್ಷಣಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯನ್ನು ಅಂಗೀಕರಿಸಿತು. ಅದರಂತೆ ಸಹವರ್ತಿ ವೃತ್ತಿಯವರು ಎಂದೆನಿಸಲು ಕನಿಷ್ಠ 2,000 ಗಂಟೆಗಳ ಶಿಕ್ಷಣವೂ, ಆರೋಗ್ಯರಕ್ಷಣಾ ವೃತ್ತಿಯವರು ಎಂದೆನಿಸಲು ಕನಿಷ್ಠ 3,600 ಗಂಟೆಗಳ ಪದವಿ ಶಿಕ್ಷಣವೂ ಬೇಕು. ಊರೂರಿನಲ್ಲಿ ಹಲಗೆ ತೂಗುಹಾಕಿ ‘ಆರು ತಿಂಗಳಲ್ಲಿ ಲ್ಯಾಬ್ ಟೆಕ್ನಿಷಿಯನ್’ ಎಂದು ಸಾರುವವರ ಬಳಿಗೆ ಹೋಗುವ ಮುನ್ನ ಈ ಅಂಕಿಗಳನ್ನು ನೆನಪಿಗೆ ತಂದುಕೊಳ್ಳಿರಿ. ಹಣ ಕಟ್ಟುವುದಕ್ಕೆ ಮೊದಲು ಕಾಲೇಜಿಗೆ ಮಂಡಳಿಯ ಅಥವಾ ವಿಶ್ವವಿದ್ಯಾಲಯದ ಮನ್ನಣೆ ಇದೆಯೇ, ಅದಕ್ಕೆ ನಿಜವಾದ ಆಸ್ಪತ್ರೆಯೊಂದರ ಆಶ್ರಯ ಇದೆಯೇ, ಇವೆರಡನ್ನೂ ವಿಚಾರಿಸಬೇಕು. ಆಸ್ಪತ್ರೆಯಿಲ್ಲದ ಕಾಲೇಜಿನಲ್ಲಿ ಕೋಶಪರೀಕ್ಷೆ ಕಲಿಯುವುದು ನೀರಿಗಿಳಿಯದೆ ಈಜು ಕಲಿತಂತೆ.

ಈ ಸಾಮಾನ್ಯ ಶಿಕ್ಷಣದ ಮೇಲೆ ಕೋಶಶಾಸ್ತ್ರದ ವಿಶೇಷ ತರಬೇತಿ. ಭಾರತದ ಕೋಶಶಾಸ್ತ್ರಜ್ಞರು 1970ರಲ್ಲಿ ಕಟ್ಟಿದ ಇಂಡಿಯನ್ ಅಕಾಡೆಮಿ ಆಫ್ ಸೈಟಾಲಜಿಸ್ಟ್ಸ್ ಎಂಬ ಸಂಸ್ಥೆಯು ತಂತ್ರಜ್ಞರಿಗಾಗಿ ಅರ್ಹತಾ ಪರೀಕ್ಷೆಗಳನ್ನು ನಡೆಸುತ್ತ ಬಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 1979ರಲ್ಲಿ ದೆಹಲಿಯಲ್ಲಿ ಆರಂಭಿಸಿದ ಕೋಶಶಾಸ್ತ್ರ ಕೇಂದ್ರವು ಬೆಳೆದು ಇಂದು ನೋಯ್ಡಾದಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನಿರೋಧ ಮತ್ತು ಸಂಶೋಧನಾ ಸಂಸ್ಥೆಯಾಗಿದೆ. ನಮ್ಮ ರಾಜ್ಯದಲ್ಲಿ 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯಂತಹ ದೊಡ್ಡ ಅರ್ಬುದ ಚಿಕಿತ್ಸಾಲಯಗಳಲ್ಲಿ ವರ್ಷವೊಂದನ್ನು ಕಳೆದವರ ಕಣ್ಣು, ಸಣ್ಣ ಊರಿನಲ್ಲಿ ಹತ್ತು ವರ್ಷಗಳಲ್ಲಿಯೂ ಕಾಣಸಿಗದಷ್ಟು ಬಗೆಯ ಕೋಶಗಳನ್ನು ಕಂಡಿರುವುದು.

ಕೆಲಸ ದೊರೆಯುವ ಸ್ಥಳಗಳು

ಮೊದಲನೆಯದು ಸರಕಾರದ ಆರೋಗ್ಯ ಇಲಾಖೆ. ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಪ್ರಯೋಗಶಾಲಾ ತಂತ್ರಜ್ಞರ ಹುದ್ದೆಗಳಿವೆ. ಸಣ್ಣ ಕೇಂದ್ರಗಳಲ್ಲಿ ಕೋಶಪರೀಕ್ಷೆಯೊಂದನ್ನೇ ಮಾಡುವವರಿಗೆ ಸ್ಥಾನವಿರದು. ಕಫದಲ್ಲಿ ಕ್ಷಯಾಣುವನ್ನೂ, ರಕ್ತದಲ್ಲಿ ಮಲೇರಿಯಾ ಪರೋಪಜೀವಿಯನ್ನೂ ಹುಡುಕಬಲ್ಲವರು ಬೇಕು. ಎರಡನೆಯದು ವೈದ್ಯಕೀಯ ಕಾಲೇಜುಗಳ ರೋಗಶಾಸ್ತ್ರ ವಿಭಾಗಗಳು. ಕೋಶಪರೀಕ್ಷೆಗೆ ಪ್ರತ್ಯೇಕ ಮೇಜು ಇರುವುದು ಇಲ್ಲಿಯೇ. ಉತ್ತರ ಕರ್ನಾಟಕದಲ್ಲಿ ಬೆಳಗಾವಿಯ ಕಾಲೇಜುಗಳಲ್ಲದೆ, 1957ರಲ್ಲಿ ಆರಂಭವಾದ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜೂ ಇದೆ. ಮೂರನೆಯದು ಅರ್ಬುದ ಚಿಕಿತ್ಸಾಲಯಗಳು: ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ಹುಬ್ಬಳ್ಳಿ ನವನಗರದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ ಮೊದಲಾದುವು. 2025ರ ಜನವರಿಯಲ್ಲಿ ಬೆಳಗಾವಿಯಲ್ಲಿಯೂ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆ ಉದ್ಘಾಟನೆಗೊಂಡಿತು. ನಾಲ್ಕನೆಯದು ನಗರಗಳ ಖಾಸಗಿ ಪ್ರಯೋಗಶಾಲೆಗಳು. ಐದನೆಯದು ಸಂಶೋಧನೆ ಮತ್ತು ಅಧ್ಯಾಪನ, ಇದಕ್ಕೆ ಎಂ.ಎಸ್‌ಸಿ. ಪದವಿಯವರೆಗೆ ಓದನ್ನು ಮುಂದುವರಿಸಬೇಕು. ಕೊಲ್ಲಿ ರಾಷ್ಟ್ರಗಳಲ್ಲಿಯೂ ಕೆಲಸವುಂಟು. ಆದರೆ ಅಲ್ಲಿಯ ಆರೋಗ್ಯಾಧಿಕಾರಿಗಳು ಪ್ರಮಾಣಪತ್ರಗಳನ್ನು ಮೂಲದಲ್ಲಿಯೇ ವಿಚಾರಿಸಿ, ಪರೀಕ್ಷೆಯನ್ನೂ ನಡೆಸುವರು. ಮನ್ನಣೆಯಿಲ್ಲದ ಕಾಲೇಜಿನ ಕಾಗದ ಅಲ್ಲಿ ನಡೆಯದು.

ಯಂತ್ರಗಳು ಬಂದಮೇಲೆ

ಈಗ ಕಠಿಣವಾದ ಪ್ರಶ್ನೆಗೆ ಬರೋಣ. ಗರ್ಭಕಂಠದ ಅರ್ಬುದಕ್ಕೆ ಪ್ಯಾಪಿಲೊಮಾ ಎಂಬ ವೈರಸ್ ಕಾರಣವೆಂದು ತೋರಿಸಿದ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಕೋಶವನ್ನು ನೋಡುವ ಬದಲು ಆ ವೈರಸ್ಸನ್ನೇ ರಾಸಾಯನಿಕ ವಿಧಾನದಿಂದ ಪತ್ತೆಹಚ್ಚುವ ಪರೀಕ್ಷೆಗಳು ಬಂದಿವೆ. ಇವುಗಳ ಬೆಲೆಯನ್ನು ಒರೆಗೆ ಹಚ್ಚಿದ ಪ್ರಯೋಗವೊಂದು ನಮ್ಮ ನೆರೆಯಲ್ಲಿಯೇ, ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ, 1999ರಲ್ಲಿ ಆರಂಭವಾಯಿತು. 30ರಿಂದ 59 ವರ್ಷ ವಯಸ್ಸಿನ 1,31,746 ಮಹಿಳೆಯರನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿದರು. ಮೊದಲ ಗುಂಪಿಗೆ ಒಂದು ಸಲ ವೈರಸ್ ಪರೀಕ್ಷೆ, ಎರಡನೆಯದಕ್ಕೆ ಕೋಶಪರೀಕ್ಷೆ, ಮೂರನೆಯದಕ್ಕೆ ಅಸಿಟಿಕ್ ಆಮ್ಲವನ್ನು ಸವರಿ ಬರಿಗಣ್ಣಿನಿಂದ ನೋಡುವ ಪರೀಕ್ಷೆ, ನಾಲ್ಕನೆಯದಕ್ಕೆ ಎಂದಿನ ಆರೈಕೆ ಮಾತ್ರ. 2009ರಲ್ಲಿ ಫಲಿತಾಂಶ ಪ್ರಕಟವಾಯಿತು. ಸುಮಾರು ಎಂಟು ವರ್ಷಗಳಲ್ಲಿ ಗರ್ಭಕಂಠದ ಅರ್ಬುದದಿಂದ ನಾಲ್ಕನೆಯ ಗುಂಪಿನಲ್ಲಿ 64 ಮಹಿಳೆಯರು ತೀರಿಕೊಂಡಿದ್ದರು. ವೈರಸ್ ಪರೀಕ್ಷೆಯ ಗುಂಪಿನಲ್ಲಿ 34. ಕೋಶಪರೀಕ್ಷೆಯ ಗುಂಪಿನಲ್ಲಿ 54. ಬರಿಗಣ್ಣಿನ ಪರೀಕ್ಷೆಯ ಗುಂಪಿನಲ್ಲಿ 56. ಗುಂಪುಗಳು ಹೆಚ್ಚುಕಡಿಮೆ ಸಮಗಾತ್ರದವು.

ಈ ಅಂಕಿಗಳನ್ನು ಮುಚ್ಚಿಡುವುದು ವಿದ್ಯಾರ್ಥಿಗಳಿಗೆ ದ್ರೋಹ. ಒಂದೇ ಸಲ ಪರೀಕ್ಷೆ ಮಾಡಲು ಸಾಧ್ಯವಿರುವೆಡೆ ವೈರಸ್ ಪರೀಕ್ಷೆಯು ಕೋಶಪರೀಕ್ಷೆಗಿಂತ ಮೇಲೆಂದು ಇವು ಸಾರುವುವು. ಇಂಗ್ಲೆಂಡು 2019ರ ಕೊನೆಯ ಹೊತ್ತಿಗೆ ವೈರಸ್ ಪರೀಕ್ಷೆಯನ್ನೇ ಮೊದಲ ಪರೀಕ್ಷೆಯನ್ನಾಗಿ ಮಾಡಿಕೊಂಡಿತು. ಅಲ್ಲಿ ಗರ್ಭಕಂಠದ ಪಟ್ಟಿಗಳನ್ನು ಓದುತ್ತಿದ್ದ ಹತ್ತಾರು ಪ್ರಯೋಗಶಾಲೆಗಳ ಕೆಲಸವನ್ನು ಎಂಟು ಪ್ರಯೋಗಶಾಲೆಗಳಿಗೆ ಒಪ್ಪಿಸಲಾಯಿತು. ಭಾರತ ಸರಕಾರದ 2016ರ ಮಾರ್ಗಸೂಚಿ ಹಳ್ಳಿಗಳಿಗಾಗಿ ಆರಿಸಿಕೊಂಡದ್ದು ಆಮ್ಲದ ಪರೀಕ್ಷೆಯನ್ನು. ಲಸಿಕೆಯೂ ಬಂದಿದೆ, 2022ರಲ್ಲಿ ಭಾರತದಲ್ಲಿಯೇ ತಯಾರಾದ ಲಸಿಕೆಗೆ ಅನುಮತಿ ದೊರೆಯಿತು. ಇಷ್ಟಾದರೂ ಒಂದು ಅಂದಾಜಿನಂತೆ 2022ರ ಒಂದೇ ವರ್ಷದಲ್ಲಿ ಭಾರತದ ಸುಮಾರು 1,27,000 ಮಹಿಳೆಯರಲ್ಲಿ ಈ ರೋಗ ಹೊಸದಾಗಿ ಕಾಣಿಸಿಕೊಂಡಿತು. ಸುಮಾರು 80,000 ಮಂದಿ ಮಡಿದರು. ಇವರನ್ನು ಉಳಿಸುವ ಉತ್ತಮ ಮಾರ್ಗ ಯಾವುದಾದರೂ ಅದು ಬರಲಿ ಎಂದೇ ವಿಜ್ಞಾನದ ವಿದ್ಯಾರ್ಥಿಯು ಹಾರೈಸಬೇಕು. ತನ್ನ ಕುರ್ಚಿಯ ಚಿಂತೆ ಅನಂತರದ್ದು.

ಹಾಗಾದರೆ ಕುರ್ಚಿಯ ಗತಿಯೇನು? ಇತಿಹಾಸದಿಂದ ಒಂದು ಪಾಠವನ್ನು ಕಲಿಯಬಹುದು. ಹಿಂದೆ ರಕ್ತಕಣಗಳನ್ನು ಗೆರೆ ಕೊರೆದ ಗಾಜಿನ ಮೇಲೆ ಕಣ್ಣಿನಿಂದ ಎಣಿಸುತ್ತಿದ್ದರು. ಕಣಗಳು ಸೂಕ್ಷ್ಮ ರಂಧ್ರವೊಂದನ್ನು ದಾಟುವಾಗ ವಿದ್ಯುತ್ ಪ್ರವಾಹದಲ್ಲಿ ಆಗುವ ತಡೆಯಿಂದಲೇ ಅವುಗಳನ್ನು ಎಣಿಸುವ ಉಪಾಯಕ್ಕೆ ವಾಲೆಸ್ ಕೂಲ್ಟರ್ ಎಂಬ ಅಮೆರಿಕನ್ನನು 1953ರಲ್ಲಿ ಪೇಟೆಂಟ್ ಪಡೆದನು. ಇಂದು ದೊಡ್ಡ ಆಸ್ಪತ್ರೆಗಳಲ್ಲೆಲ್ಲ ಎಣಿಕೆ ಯಂತ್ರದ್ದೇ. ಆದರೆ ರಕ್ತದ ತಂತ್ರಜ್ಞರು ಮಾಯವಾದರೆ? ಇಲ್ಲ. ಯಂತ್ರವು ‘ಇಲ್ಲೇನೋ ವಿಪರೀತವಿದೆ’ ಎಂದು ಎಚ್ಚರಿಸಿದ ರಕ್ತವನ್ನು ಪಟ್ಟಿಯ ಮೇಲೆ ಸವರಿ ನೋಡಬಲ್ಲ ಕಣ್ಣು ಇಂದಿಗೂ ಬೇಕು. ಎಣಿಸುವ ಕೆಲಸ ಹೋಯಿತು. ವಿವೇಚಿಸುವ ಕೆಲಸ ಉಳಿಯಿತು.

ಕೋಶಪರೀಕ್ಷೆಯಲ್ಲಿಯೂ ಹೀಗೆಯೇ ಆಗುತ್ತಿದೆ. ವೈರಸ್ ಇದೆಯೆಂದು ತಿಳಿದ ಮಹಿಳೆಯರೆಲ್ಲರಿಗೂ ರೋಗವಿರುವುದಿಲ್ಲ. ಅವರಲ್ಲಿ ಯಾರಿಗೆ ಚಿಕಿತ್ಸೆ ಬೇಕೆಂದು ಬೇರ್ಪಡಿಸಲು ಅನೇಕ ಕಡೆ ಕೋಶಪರೀಕ್ಷೆಯನ್ನೇ ಬಳಸುವರು. ಪಟ್ಟಿಯ ಚಿತ್ರವನ್ನು ಗಣಕಯಂತ್ರವು ಮೊದಲು ಜಾಲಾಡಿ, ಅನುಮಾನದ ಸ್ಥಳಗಳನ್ನು ತಂತ್ರಜ್ಞರಿಗೆ ತೋರಿಸುವ ಸಾಧನಗಳೂ ಬಳಕೆಯಲ್ಲಿವೆ. ಇನ್ನು ಕುತ್ತಿಗೆಯ ಗಂಟು, ಸ್ತನದ ಗಡ್ಡೆ, ಎದೆಯ ನೀರು ಇವುಗಳಿಗೆ ವೈರಸ್ ಪರೀಕ್ಷೆಯಿಂದ ಉತ್ತರ ದೊರೆಯದು. ಫ್ಲೋ ಸೈಟೊಮೆಟ್ರಿ ಎಂಬ ಹೊಸ ವಿಧಾನದಲ್ಲಿ ಕೋಶಗಳನ್ನು ಒಂದೊಂದಾಗಿ ಲೇಸರ್ ಕಿರಣದ ಮುಂದೆ ಹರಿಯಿಸಿ, ಅವುಗಳಿಗೆ ಅಂಟಿಸಿದ ಹೊಳೆಯುವ ಗುರುತುಗಳಿಂದ ಅವುಗಳ ಜಾತಿಯನ್ನು ಅರಿಯುವರು. ರಕ್ತದ ಅರ್ಬುದದ ಬಗೆಯನ್ನು ನಿರ್ಧರಿಸಲೂ, ಎಚ್.ಐ.ವಿ. ಸೋಂಕಿತರ ಸಿ.ಡಿ.4 ಕೋಶಗಳನ್ನು ಎಣಿಸಲೂ ಇದು ಸಾಧನ. ಇಲ್ಲಿಯೂ ಯಂತ್ರವನ್ನು ನಡೆಸಿ, ಅದರ ಚುಕ್ಕೆಗಳ ಚಿತ್ರವನ್ನು ಓದಬಲ್ಲವರು ಬೇಕು.

ಇದರಿಂದ ಹೊರಡುವ ತಾತ್ಪರ್ಯ ಇಷ್ಟೆ. ಗರ್ಭಕಂಠದ ಪಟ್ಟಿಗಳನ್ನು ಓದುವ ಒಂದೇ ಕೌಶಲವನ್ನು ನಂಬಿ ಇಂದು ಈ ವೃತ್ತಿಗೆ ಇಳಿಯುವುದು ಜಾಣತನವಲ್ಲ. ಮೊದಲು ಪ್ರಯೋಗಶಾಲೆಯ ಸಮಗ್ರ ಶಿಕ್ಷಣವನ್ನು ಪಡೆದು, ಅದರ ಮೇಲೆ ಕೋಶಶಾಸ್ತ್ರವನ್ನು ವಿಶೇಷವಾಗಿ ಕಲಿತು, ಹೊಸ ಯಂತ್ರಗಳೊಡನೆ ಸ್ನೇಹ ಬೆಳೆಸಿಕೊಂಡವರಿಗೆ ಕೆಲಸದ ಕೊರತೆಯಾಗದು. ಅಗಲವಾದ ಬುಡದ ಮೇಲೆ ನಿಂತ ಬಣವೆ ಗಾಳಿಗೆ ಬೀಳುವುದಿಲ್ಲ.

ನಿಮ್ಮ ಯೋಗ್ಯತೆಯನ್ನು ಅಳೆಯುವ ಪ್ರಯೋಗ

ಈ ವೃತ್ತಿ ನಿಮಗೆ ಒಗ್ಗುವುದೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ತಿಳಿಯಬಹುದು. ಬಾಯನ್ನು ನೀರಿನಿಂದ ಮುಕ್ಕಳಿಸಿ, ಶುಚಿಯಾದ ಚಪ್ಪಟೆ ಕಡ್ಡಿಯಿಂದ ಕೆನ್ನೆಯ ಒಳಮೈಯನ್ನು ಮೆಲ್ಲಗೆ ಸವರಿ, ಗಾಜಿನ ಪಟ್ಟಿಯ ಮೇಲೆ ಹಚ್ಚಿರಿ. ಒಣಗಿದ ಮೇಲೆ ಒಂದು ತೊಟ್ಟು ಮಿಥಿಲೀನ್ ನೀಲಿಯನ್ನು ಹಾಕಿ, ಎರಡು ನಿಮಿಷ ಬಿಟ್ಟು ನೀರಿನಿಂದ ತೊಳೆಯಿರಿ. ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಮೊದಲು ನೂರು ಪಟ್ಟು, ಆಮೇಲೆ ನಾನೂರು ಪಟ್ಟು ಹಿಗ್ಗಿಸಿ ನೋಡಿರಿ. ನೀಲಿ ಚುಕ್ಕೆಯಂತೆ ಕೇಂದ್ರವುಳ್ಳ ಅಗಲವಾದ ಕೋಶಗಳು ಕಾಣುವುವು. ಅನಂತರ ಈ ಅಭ್ಯಾಸಗಳನ್ನು ಮಾಡಿರಿ.

1. ಇಪ್ಪತ್ತು ಕೋಶಗಳ ಚಿತ್ರವನ್ನು ಬರೆಯಿರಿ. ಪ್ರತಿಯೊಂದರಲ್ಲಿಯೂ ಕೇಂದ್ರದ ಅಗಲವು ಕೋಶದ ಅಗಲದ ಎಷ್ಟನೆಯ ಪಾಲೆಂದು ಅಂದಾಜು ಮಾಡಿ ಬರೆದಿಡಿರಿ.

2. ಪಟ್ಟಿಯ ಮೇಲೆ ಶಾಯಿಯಿಂದ ಒಂದು ಸಣ್ಣ ಚೌಕವನ್ನು ಗುರುತಿಸಿ, ಸಾಲುಸಾಲಾಗಿ ಸರಿಸುತ್ತ ಅದರೊಳಗಿನ ಎಲ್ಲ ಕೋಶಗಳನ್ನೂ ಎಣಿಸಿರಿ. ಎಣಿಕೆಯನ್ನು ಬರೆದ ಕಾಗದವನ್ನು ಗೆಳೆಯರ ಕೈಗೆ ಕೊಟ್ಟುಬಿಡಿರಿ.

3. ಮೂರು ದಿನಗಳ ಮೇಲೆ ಅದೇ ಚೌಕವನ್ನು ಮತ್ತೆ ಎಣಿಸಿರಿ. ಎರಡು ಎಣಿಕೆಗಳ ವ್ಯತ್ಯಾಸವೆಷ್ಟು? ಎಣಿಸುತ್ತ ಎಷ್ಟು ಹೊತ್ತಿಗೆ ಬೇಸರ ಬಂದಿತು? ಬೇಸರ ಬಂದ ಮೇಲೆ ಸಾಲು ತಪ್ಪಿತೆ?

ವ್ಯತ್ಯಾಸವು ಸ್ವಲ್ಪವೇ ಆಗಿದ್ದು, ಮೂರನೆಯ ಸಲ ಎಣಿಸಿ ಸರಿಯಾದುದನ್ನು ಕಂಡುಕೊಳ್ಳಬೇಕೆಂಬ ಹಟ ಮನಸ್ಸಿನಲ್ಲಿ ಹುಟ್ಟಿದರೆ, ಕಾಲೇಜಿನ ಅರ್ಜಿಯನ್ನು ಧೈರ್ಯವಾಗಿ ತರಿಸಿಕೊಳ್ಳಿರಿ. ವ್ಯತ್ಯಾಸವು ಹೆಚ್ಚಾಗಿದ್ದರೂ ಎದೆಗುಂದಬೇಕಾಗಿಲ್ಲ. ಅಭ್ಯಾಸದಿಂದ ಅದು ಕಡಿಮೆಯಾಗುವುದು. ಆದರೆ ಎರಡನೆಯ ಸಲ ಎಣಿಸುವ ಗೋಜೇ ಏಕೆಂದು ಕಾಗದದ ಮೇಲಿನ ಹಳೆಯ ಅಂಕಿಯನ್ನೇ ನಕಲು ಮಾಡಲು ಮನಸ್ಸಾದರೆ, ಬೇರೊಂದು ಒಳ್ಳೆಯ ವೃತ್ತಿಯನ್ನು ಆರಿಸಿಕೊಳ್ಳುವುದು ನಿಮಗೂ ಹಿತ, ಮುಂದೆ ಎಂದೋ ತಮ್ಮ ಕೋಶಗಳನ್ನು ನಿಮ್ಮ ಮೇಜಿಗೆ ಕಳುಹಿಸಬೇಕಾಗಿದ್ದ ಜನರಿಗೂ ಹಿತ.